ಶೇಖರಮ್ಮನ ಎದಿ ಮ್ಯಾಲಿನ ಸಾಯಾ

ಕಂದೀಲು ಸಣ್ಣ ಮಾಡ್ರಿ, ಆರಸಬ್ಯಾಡ್ರಿ. ಹೊರಗ ಹೋಗಿ ಬರಾವ್ರು ಈಗ ಹೋಗಿ ಬರ್ರಿ. ನಡಬರಕ ಎದ್ದು "ಬಾಗಲತನ ಬಾ" ಅಂದ್ರ ನಾ ಯಾರ ಜೋಡೀನೂ ಬರಂಗಿಲ್ಲ. ಇದು ನಮ್ಮ ಕಾಕಾನ ಮಗಳು ಶೇಖರಮ್ಮಗ ಆದದ್ದು. ನಗಾವ್ರು ನಗ್ರಿ. ಬೆಳಗಾನ ನಿದ್ದಿ ಹತ್ತಲಿಲ್ಲಂದ್ರ ನನ್ನ ಬೈಬ್ಯಾಡ್ರಿ, ಆತಲ್ಲ?

ನಿಜಾಮನ ಕಾಲ. ದೊಡ್ಡ ಲಡಾಯಿ ನಡೆದಿತ್ತು. ಪೆಟ್ರೋಲ ಸಿಗವಲ್ದು ಅಂತ ಬಸ್ಸು ಇದ್ದಲಿ ಸುಟ್ಟು ಓಡಸ್ತಿದ್ರು. ಅದು ಕೆಮ್ಮಿಕೋತ ಯಲಬುರ್ಗಾ ಮುಟ್ಟೂದರಾಗ ರಾತ್ರಿ ಒಂಬತ್ತಾಗಿತ್ತು. ಅಲ್ಲಿಂದ ಅವರ ಊರು ಒಂದು ಹರದಾರಿ. ಮುಂದ ಗಂಡ ಕೊಟ್ರಪ್ಪ, ಹಿಂದ ಶೇಖರಮ್ಮ. ಅಕಿ ಕಂಕಳಾಗ ಒಂದು ಕಾಗದದ ಚೀಲ. ಅದರಾಗ ಅಕೀದ ಎದೀ ಫೋಟೋ.

ಮೂರು ತಿಂಗಳಿಂದ ಕೆಮ್ಮು ಅಕಿಗೆ. ಸಂಜಿ ಆತಂದ್ರ ಮೈ ಬೆಚ್ಚಗ, ಬೆಳಗಿನ ಜಾವಕ್ಕ ಕುಬಸ ಹಿಂಡೂವಷ್ಟು ಬೆವರು. ಕೊಟ್ರಪ್ಪ ಕೆಟ್ಟವ ಅಲ್ಲ, ಒಂದು ಹಗಲು ರೈಲಿನ್ಯಾಗ ಕುಂತು ದೊಡ್ಡ ದವಾಖಾನಿಗೆ ಕರಕೊಂಡು ಹೋಗಿದ್ದ. ಅಲ್ಲಿ ಹೈದರಾಬಾದಿನ ಡಾಕ್ಟರು ಅಕಿ ಬೆನ್ನ ಮ್ಯಾಲ ಒಂದು ಬಟ್ಟು ಇಟ್ಟು, ಇನ್ನೊಂದು ಬಟ್ಟಿಲೆ ಬಾರಿಸಿ ನೋಡಿದ್ರು. ಡಬ್... ಡಬ್... ಧಪ್ಪ್. ಸಂತ್ಯಾಗ ನಾವು ಕೊಡ ಬಾರಿಸಿ ನೋಡಂಗಿಲ್ಲೇನು, ಹಂಗ. ಆಮ್ಯಾಲ ಎದೀ ಫೋಟೋ ತಗಸಿ, ಕಿಡಕಿಗೆ ಹಿಡಿದು, ಕೊಟ್ರಪ್ಪಗ ಉರ್ದುದಾಗ ಅಂದ್ರು: "ಫೇಫಡೇ ಪರ್ ಸಾಯಾ ಹೈ. ಪಂದ್ರಾ ದಿನ್ ಮೇಂ ಲಾವೋ. ಖಾಟ್ ರಖ್ತಾ ಹೂಂ."

ಸಾಯಾ ಅಂದ್ರ ನೆರಳು, ಖಾಟ್ ಅಂದ್ರ ಮಂಚ. ಪುಪ್ಪಸದ ಮ್ಯಾಲ ನೆರಳೈತಿ, ಹದಿನೈದು ದಿನದಾಗ ಕರಕೊಂಡು ಬಾ, ಮಂಚ ಹಿಡಿದಿಡ್ತೀನಿ ಅಂದ್ರು ಪಾಪ. ಕೊಟ್ರಪ್ಪಂದು ಸಂತೀ ಉರ್ದು, ಹತ್ತಿ ತೂಗಾಕ ಸಾಕಾಗೂವಷ್ಟು. ಅವನ ಕಿವಿಗೆ ಬಿದ್ದದ್ದು ಎರಡ ಮಾತು. ಸಾಯಾ... ಕಾಟ. ನಮ್ಮ ಕಡಿ ಸಾಯಾ ಆತು, ಕಾಟ ಹತ್ತಿತು ಅಂದ್ರ ದೆವ್ವ ಹಿಡೀತು ಅಂತ ಕೂಸಿಗೂ ಗೊತ್ತೈತಿ.

ಶೇಖರಮ್ಮಗ ಮಾತ್ರ ಖರೇ ಮಾತು ತಿಳಿದಿತ್ತು. ದವಾಖಾನಿ ಆಯಾ ಮೆಹಬೂಬಬೀ ನಮ್ಮ ಕನ್ನಡದಾಗ ಹೇಳಿದ್ಲು: "ಒಂದ ಕಾಟ ಖಾಲಿ ಐತವ್ವಾ. ಹಾದೀ ದಿನಾ ಬಿಟ್ಟು ಹದಿನೈದು ದಿನಾ ನಿನ್ನ ಹೆಸರಲೆ ಇಡ್ತಾರ. ದಿನಾ ಮೀರಿದ್ರ ಇಲ್ಲ, ಹಿಂದ ಮಂದಿ ಸಾಲು ಐತಿ. ಬಿಸಲು, ಗಾಳಿ, ಹಾಲು... ಬದಕ್ತಿ."

ಊರ ಹೊರಗಿನ ಬಾವಿ ಹತ್ತರ ಬಂದಾಗ ಕೊಟ್ರಪ್ಪ ನಿಂತ. ಬಾವ್ಯಾಗ ಬುಳುಕ್ ಅಂತು. ಕಪ್ಪಿ ಇರಬೇಕು.

"ಅಕಿನ ಏನ?" ಅಂತ ಪಿಸುಗುಟ್ಟಿದ.

"ಯಾರ್ರೀ?"

"ಕಳಕಮ್ಮ..."

ಕಳಕಮ್ಮ ಅವನ ಮೊದಲನೇ ಹೆಂಡ್ತಿ. ಸತ್ತು ಮೂರು ವರ್ಷ ಆಗಿತ್ತು. ಅಕೀನೂ ಕೆಮ್ಮಿ ಕೆಮ್ಮೀನ ಸತ್ತಾಕಿ.

"ಕಾಟ ಅಂದ್ರ ಮಂಚರೀ," ಅಂದ್ಲು ಶೇಖರಮ್ಮ.

"ಬಾಯಿ ಮುಚ್ಚು! ಬಾವಿ ಹತ್ತರ ಅದರ ಹೆಸರು ಎತ್ತಬ್ಯಾಡ." ಅಲ್ಲಿಂದ ಮನೀತನ ಅವ ಹೆಂಡ್ತಿನ್ನ ಹತ್ತು ಮಾರು ದೂರ ಬಿಟ್ಟು ನಡದ.

ಮನ್ಯಾಗ ಅತ್ತಿ ಗುರುಲಿಂಗಮ್ಮ ಫೋಟೋ ಬುಡ್ಡಿ ದೀಪಕ್ಕ ಹಿಡಿದು ನೋಡಿದ್ಲು. ಕರೀ ಹಾಳಿ, ಬಿಳೀ ಪಕ್ಕೆಲಬು, ಎಡಕ್ಕ ಒಂದು ಬಿಳೀ ಕಲಿ. "ನೆರಳು ಕರ್ರಗಿರ್ತೈತಿ ಕೊಟ್ರಪ್ಪಾ. ಇದು ಬೆಳ್ಳಗೈತಿ. ಇದು ನೆರಳಲ್ಲೋ ಯಪ್ಪಾ, ಅಕಿನ ಕುಂತಾಳ!"

ಆ ರಾತ್ರೀನ ಬೂದಿ ಮಂತ್ರಸಾವ ಬಂದ. ಇಪ್ಪತ್ತೊಂದು ದಿನಾ ಕತ್ತಲಾಗಿರಬೇಕು, ಬಿಸಲು ಬೀಳಬಾರದು, ಗಾಳಿ ಆಡಬಾರದು ಅಂದ. ಡಾಕ್ಟರು ಏನು ಬೇಕಂದಿದ್ರೋ ಅದನ್ನೆಲ್ಲಾ ಇವ ಬ್ಯಾಡಂದ. ಬೆಂಕಿ ಹಚ್ಚು ಇವರ ಬುದ್ಧಿಗೆ! ಮರುದಿನಾನ ಶೇಖರಮ್ಮನ್ನ ಕಾಳಿನ ಕೋಣ್ಯಾಗ ಹಾಕಿದ್ರು. ಕಿಡಕಿ ಇಲ್ಲ, ಬೆಳಕಿಂಡಿ ಇಲ್ಲ. ಗುರುಲಿಂಗಮ್ಮ ಅಳಕೋತ ಹೊರಗಿನ ಚಿಲಕ ಹಾಕಿದ್ಲು. ಹೌದು, ಅಳಕೋತ. ಸೊಸಿ ಬದುಕಲಿ ಅಂತನ ಹಾಕಿದ್ಲು ನೋಡ್ರಿ, ಅದ ನನ್ನ ಹೊಟ್ಟಿ ಸುಡೂದು.

ದಿನಕ್ಕ ಒಮ್ಮಿ ಬಾಗಲಾ ತಗದು ರೊಟ್ಟಿ ಇಡ್ತಿದ್ರು, ಮೆಣಸಿನಕಾಯಿ ಹೊಗಿ ಹಾಕ್ತಿದ್ರು. ಶೇಖರಮ್ಮ ರೊಟ್ಟಿ ಬಂದಾಗೊಮ್ಮಿ ಒಂದು ಜೋಳದ ಕಾಳು ಬಾಜೂಕ ಇಡ್ತಿದ್ಲು. ಹತ್ತಾದುವು. ಹನ್ನೆರಡಾದುವು. ಅಕಿಗೆ ಬ್ಯಾರೆ ಧ್ಯಾನಾನ ಇಲ್ಲ, ಆ ಮಂಚ ಕೈ ಬಿಟ್ಟು ಹೋಗ್ತೈತಿ ಅನ್ನೂದ.

ಹದಿಮೂರನೇ ರಾತ್ರಿ. ಖುಳ್... ಖುಳ್ ಖುಳ್. ತನ್ನದ ಕೆಮ್ಮು ಅನ್ಕೊಂಡ್ಲು. ಸೆರಗು ಬಾಯಾಗ ತುರುಕಿಕೊಂಡ್ಲು.

ಖುಳ್... ಖುಳ್.

ಗ್ವಾಡಿಯಿಂದ ಬರಾಕತ್ತಿತ್ತು.

"ಯಾರವ್ವಾ?"

"ಎಷ್ಟು ದಿನಾತು?" ಸಣ್ಣ ದನಿ. ಕಿವಿ ಹತ್ತರಾನ.

"ಹ... ಹದಿಮೂರು."

"ಇಪ್ಪತ್ತೊಂದು ಅಂದಾರೇನು?"

"ಹೂಂ."

"ನನಗೂ ಹಂಗ ಅಂದಿದ್ರು. ಹದಿನೆಂಟ ಸಾಕಾದುವು."

ಶೇಖರಮ್ಮ ಕತ್ತಲಾಗ ಎದ್ಲು. ಓಡಿ ಹೋಗಿ ಬಾಗಲಾ ಬಡದ್ಲು. "ಅತ್ತೀ! ಕಾಲ ಬೀಳ್ತೀನಿ, ಚಿಲಕ ತಗೀರಿ! ಇಲ್ಲಿ ಯಾರೋ ಅದಾರ್ರೀ!"

ಹೊರಗಿಂದ ಗುರುಲಿಂಗಮ್ಮನ ದನಿ: "ಕೇಳಿದೇನೋ ಕೊಟ್ರಪ್ಪಾ? ಅಕೀನೂ ಹಿಂಗ ಬಡೀತಿದ್ಲು. ತಗೀಬ್ಯಾಡ!"

ಇದಕ್ಕೇನಂತೀರಿ? ಸುಮ್ಮನಿದ್ರ ಸಾಯಾ ಹಿಡಿದೈತಿ. ಕೂಗಿದ್ರ ಸಾಯಾನ ಕೂಗಾಕತ್ತೈತಿ. ಶೇಖರಮ್ಮ ಬಾಗಲಾ ಬಿಟ್ಟು ಕುಸದ್ಲು. ಬಾಯಿ ಇದ್ದೂ ಮೂಕಿ ಆದ್ನೆಲ್ಲೋ ಶಿವನ ಅಂತ ಅತ್ಲು.

"ಬಾಗಲಾ ಬಿಡು," ಅಂತು ದನಿ. "ಗ್ವಾಡಿ ಬಾರಿಸು."

ಡಾಕ್ಟರು ಬಾರಿಸಿದಂಗ ಒಂದು ಬಟ್ಟು ಇಟ್ಟು, ಇನ್ನೊಂದು ಬಟ್ಟಿಲೆ ಬಾರಿಸಿಕೋತ ಹೋದ್ಲು. ಧಪ್ಪ್. ಧಪ್ಪ್. ಒಂದು ಮಾರು ಸರದ್ಲು. ಧಪ್ಪ್... ಜೋಳದ ಚೀಲದ ಹಿಂದ, ಮೊಣಕಾಲ ಮಟಕ... ಡಬ್. ಮತ್ತೊಮ್ಮಿ. ಡಬ್ ಡಬ್. ಪೊಳ್ಳು! ಹಳೇ ಕಿಂಡಿ ಯಾವಾಗೋ ಮೆತ್ತಿ ಮುಚ್ಚಿದ್ರು. ಆದ್ರ ಕೆದರಾಕ ಕೈಯಾಗ ತ್ರಾಣ ಎಲ್ಲೈತಿ? ನಾಕು ಸಲ ಕೆರದು, ಕೆಮ್ಮಿ ಕೆಮ್ಮಿ ಅಲ್ಲೇ ಒರಗಿದ್ಲು.

ಆಗ ಗ್ವಾಡಿ ಆಚಿ ಕಡಿಯಿಂದ... ಕರ್... ಕರ್... ಕರ್.

ಬೆಳಗಾತು, ನಿಂತಿತು. ಹಗಲೆಲ್ಲಾ ಸದ್ದಿಲ್ಲ. ಸಂಜಿಗೆ ಹದಿನಾಕನೇ ಕಾಳು ಇಟ್ಲು. ಮಂದಿ ಮಲಗಿದ ಮ್ಯಾಲ ಮತ್ತ... ಕರ್... ಕರ್. ಹೆದರಿಕಿ ಅಂದ್ರ ಹೆದರಿಕಿ, ಖರೇ. ಆದ್ರ ಮುಂದ ಕಳಕಮ್ಮ, ಹಿಂದ ಚಿಲಕ. ಎರಡರಾಗ ಚಿಲಕಾನ ಹೆಚ್ಚು ಹೆದರಿಸ್ತು ಅಂತಿದ್ಲು ಶೇಖರಮ್ಮ. ಮೊದಲನೇ ಕೋಳಿ ಕೂಗೂ ಹೊತ್ತಿಗೆ ಮುಖಕ್ಕ ತಣ್ಣನ್ನ ಗಾಳಿ ಬಡೀತು. ಕಿಂಡಿ ತಗದಿತ್ತು.

ತೆವಳಿ ಹೊರಗ ಬಂದ್ಲು. ಹಿತ್ತಲದಾಗ ಯಾರೂ ಇಲ್ಲ. ಹೊಳ್ಳಿ ನೋಡದ ನಡದ್ಲು. ಯಲಬುರ್ಗಾದಾಗ ಬಸ್ಸಿನಾಂವ ಅಕಿ ಮುಖಾ ನೋಡಿ ಟಿಕೀಟ ಕೇಳಲಿಲ್ಲ. ಸಂಜಿಗೆ ಕೊಪ್ಪಳದಾಗ ಅಣ್ಣ ಈಶಪ್ಪನ ಮನಿ ಮುಟ್ಟಿದ್ಲು. ಅದ ಹದಿನೈದನೇ ದಿನ. ದವಾಖಾನಿ ಇನ್ನಾ ಒಂದು ಹಗಲು ದೂರ.

"ಗಡುವು ಮುಗೀತಲ್ಲೋ ಅಣ್ಣಾ," ಅಂತ ರಾತ್ರಿಯೆಲ್ಲಾ ಅತ್ಲು. ಈಶಪ್ಪ ಕಣ್ಣಿಗೆ ಕಣ್ಣು ಹಚ್ಚದ ಬಾಜೂಕ ಕುಂತಿದ್ದ. ನಸುಕಿನ್ಯಾಗ ರೈಲು ಹತ್ತಿಸಿದ.

ದವಾಖಾನಿ ಮೆಟ್ಲ ಮ್ಯಾಲೆ ಮೆಹಬೂಬಬೀ ಸಿಕ್ಕು ಬೈದ್ಲು ನೋಡ್ರಿ, ಹೆತ್ತವ್ವ ಬೈದಂಗ. "ಎಲ್ಲಿ ಹಾಳಾಗಿ ಹೋಗಿದ್ದೇ? ನಿನ್ನೆ ಸಂಜಿಗೆ ಬಂದು ಹೆಸರು ಹಚ್ಚಿ, ಸೆರಗು ಮುಖದ ಮ್ಯಾಲ ಎಳಕೊಂಡು ಕಾಟದ ಮ್ಯಾಲ ಕುಂತಿ. ಹಾಲು ತರೂದರಾಗ ಮಾಯ! ಕಾಟ ತುಂಬೇತಿ ಅಂತ ಹಿಂದಿನ ಮೂರು ಮಂದೀನ್ನ ತಿರುಗಿ ಕಳಸೀವಿ, ಗೊತ್ತೈತೇನು?"

"ನಿನ್ನೆ ಸಂಜಿಗೆ ಇಕಿ ಕೊಪ್ಪಳದಾಗ ನಮ್ಮ ಮನ್ಯಾಗಿದ್ಲವ್ವಾ," ಅಂದ ಈಶಪ್ಪ.

ಮೆಹಬೂಬಬೀ ಸಿಟ್ಟಿಲೆ ದಫ್ತರಾನ ತಂದು ತಗದ್ಲು. ಶೇಖರಮ್ಮ, ಕೊಟ್ರಪ್ಪನ ಹೆಂಡ್ತಿ, ತಾಲೂಕು ಯಲಬುರ್ಗಾ. ಬಾಜೂಕ ಹೆಬ್ಬಟ್ಟಿನ ಗುರ್ತು.

ಆ ಕಾಟದ ಮ್ಯಾಲ ಹನ್ನೊಂದು ತಿಂಗಳು ಮಲಗಿ ಶೇಖರಮ್ಮ ಎದ್ದು ಬಂದ್ಲು. ಗಂಡನ ಊರ ಕಡಿ ತಲಿ ಹಾಕಿ ಮಲಗಲಿಲ್ಲ. ನಾ ಅಕಿ ಬಡದ ರೊಟ್ಟಿ ಉಂಡಾವ, ಯಾರದೋ ಬಾಯಿಂದ ಕೇಳಿ ಹೇಳಾಕತ್ತಿಲ್ಲ. ಹೆಬ್ಬಟ್ಟು ಕಣ್ಣಾರೆ ಕಂಡಾವ ಈಶಪ್ಪಣ್ಣ. ಹನಿ ಸೆರೇ ಮುಟ್ಟಿದಾವ ಅಲ್ಲ, ಸುಳ್ಳ ಆಡಿದಾವ ಅಲ್ಲ. ಆ ಹಾಳ್ಯಾಗ ಉಳಿದವರ ಹೆಬ್ಬಟ್ಟೆಲ್ಲಾ ನೀಲಿ ಮಸಿದು. ಇದೊಂದು ಮಣ್ಣಿಂದು. ಅಂವ ಉಗುರಿಲೆ ಮುಟ್ಟಿ ನೋಡ್ದ. ಒಂದು ರಾತ್ರಿ ಒಂದು ಹಗಲು ಕಳದಿತ್ತು... ಇನ್ನಾ ಹಸೀ ಇತ್ತು.