ಫಿಲ್ಮ್ ಸ್ಕ್ಯಾನರಿಗೆ ಬಿದ್ದ ಒಂದು ಮತ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಫ್ಯಾನಿನ ಕೆಳಗೆ ಜಾಗ ಸಿಕ್ಕ ಮತ್ತು ಸಿಗದ ಸಭಿಕರೇ,

ನಮ್ಮ ಗ್ರಂಥಾಲಯದ ವಾರ್ಷಿಕೋತ್ಸವಕ್ಕೆ ಏರ್ಪಡಿಸಿರುವ ಹಳೆಯ ಫೋಟೋಗಳ ಪ್ರದರ್ಶನದ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಎಂದರು. ಚೌಕಟ್ಟುಗಳು ಚೆನ್ನಾಗಿವೆ. ಉಳಿದ ಮೂರು ಮಾತನ್ನು ಅಧ್ಯಕ್ಷರು ಆಡುತ್ತಾರೆ.

ಹೋದ ವರ್ಷ ಕಪಾಟಿನಲ್ಲಿ ಒಂದು ಪೆಟ್ಟಿಗೆ ನೆಗೆಟಿವ್ ಸಿಕ್ಕಿತು. ಅವನ್ನು ಕಂಪ್ಯೂಟರಿಗೆ ಏರಿಸಲು ಯಾವ ಯಂತ್ರ ಕೊಳ್ಳಬೇಕು? ಫಿಲ್ಮ್ ಮಾತ್ರ ಓದುವ ಫಿಲ್ಮ್ ಸ್ಕ್ಯಾನರೋ, ಗಾಜಿನ ಮೇಲೆ ಏನಿಟ್ಟರೂ ಓದುವ ಫ್ಲಾಟ್‌ಬೆಡ್ಡೋ? ಸಮಿತಿಯಲ್ಲಿ ನಾವು ಏಳು ಜನ. ಇಷ್ಟಗಲದ ಫಿಲ್ಮಿನಲ್ಲಿ ಇಪ್ಪತ್ತು ಜನ ನಿಂತಿದ್ದಾರೆ, ಒಬ್ಬೊಬ್ಬರ ಮುಖ ಸಾಸಿವೆಕಾಳಿನಷ್ಟು, ಅದನ್ನು ನೋಡಲು ಅದಕ್ಕೆಂದೇ ಮಾಡಿದ ಕಣ್ಣು ಬೇಕು ಎಂದೆ. ಕಾರ್ಯದರ್ಶಿಗಳು ನಕ್ಕರು.

“ನಿಮ್ಮದು ಫಿಲ್ಮ್ ಬಿಟ್ಟು ಬೇರೇನೂ ಮುಟ್ಟಲ್ಲ, ಬಲು ಮಡಿವಂತ ಮೆಷಿನ್ನು ಸಾರ್. ಇದಾದ್ರೆ ಪುಸ್ತಕ, ಪತ್ರ, ನೆಗೆಟಿವ್ ಎಲ್ಲಾ ಆಗುತ್ತೆ.”

ಮತಕ್ಕೆ ಹಾಕಿದರು. ಆರಕ್ಕೆ ಒಂದು. ಆ ಒಂದು ನಾನು. ಪುಸ್ತಕಕ್ಕೆ, ಪತ್ರಕ್ಕೆ ಫ್ಲಾಟ್‌ಬೆಡ್ ಒಳ್ಳೆಯದೇ, ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಪೆಟ್ಟಿಗೆಯಲ್ಲಿ ಇದ್ದದ್ದು ಏನು?

ಬಾಗಿಲ ಬಳಿಯ ಮೂರನೆಯ ಚಿತ್ರ ನೋಡಿ. ಎರಡನೆಯ ಸಾಲಿನ ಕೊನೆಯಲ್ಲಿ ನಗುತ್ತಿರುವವಳು ನನ್ನ ಹೆಂಡತಿ. ಇಪ್ಪತ್ತಾರು ವರ್ಷ ಇಲ್ಲಿಯ ಕೌಂಟರಿನಲ್ಲಿ ಕೂತವಳು. ಪುಸ್ತಕ ತಡವಾಗಿ ತಂದ ನಿಮ್ಮಲ್ಲಿ ಎಷ್ಟೋ ಜನ ಅವಳ ಬಾಯಿಗೆ ಬಿದ್ದಿದ್ದೀರಿ. ಗಂಡನೆಂದು ನನಗೂ ರಿಯಾಯಿತಿ ಇರಲಿಲ್ಲ. ಕ್ಯಾಮೆರಾ ಕಂಡರೆ ಮುಖ ತಿರುಗಿಸಿ ಹೋಗುತ್ತಿದ್ದ ಅವಳು ಸಿಕ್ಕಿರುವುದು ಇದೊಂದರಲ್ಲೇ, ಮನೆಯಲ್ಲೂ ಅವಳ ಬೇರೆ ಫೋಟೋ ಉಳಿದಿಲ್ಲ. ಅವಳ ಕೆನ್ನೆಯ ಮೇಲೊಂದು ಮಚ್ಚೆಯಿತ್ತು. ಚಿತ್ರದಲ್ಲಿ ಇಲ್ಲ.

ಕಾರ್ಯದರ್ಶಿಗಳನ್ನು ಕೇಳಿದೆ.

“ಎಲ್ಲಾ ಮಸುಕಾಗಿ ಬಂದಿತ್ತು ಸಾರ್. ಧೂಳು ಅಂದ್ಕೊಂಡು ನೂರಾರು ಚುಕ್ಕೆ ಅಳಿಸಿದೀನಿ. ಅಕ್ಕನಿಗೆ ಮಚ್ಚೆ ಇತ್ತಾ?”

ಅಕ್ಕ, ಅಕ್ಕ ಎನ್ನುತ್ತ ಹನ್ನೊಂದು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತವರು ಕೇಳುವ ಪ್ರಶ್ನೆಯೇ ಇದು? ಮಹನೀಯರೇ, ನೆಗೆಟಿವ್ ಮೇಲಿನ ಧೂಳು ಚಿತ್ರದಲ್ಲಿ ಬೆಳ್ಳಗೆ ಬೀಳುತ್ತದೆ, ಕಪ್ಪಗಲ್ಲ. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವನು ನಾನು. ಇರಬೇಕಾದ ಚುಕ್ಕೆ ಯಾವುದು, ಇರಬಾರದ್ದು ಯಾವುದು ಎಂದು ಹೇಳಿಯೇ ಅನ್ನ ತಿಂದವನು.

ಮತ್ತೆ ಸ್ಕ್ಯಾನ್ ಮಾಡಿಸಿದೆ. ಎರಡೂ ಕೆನ್ನೆಯ ಮೇಲೆ ಅದೇ ಮಸುಕು. ಯಾವ ಕೆನ್ನೆ ಸಾರ್, ಅಲ್ಲೊಂದು ಚುಕ್ಕೆ ಇಟ್ಟುಬಿಡ್ತೀನಿ ಎಂದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ನಾಳೆ ಹೇಳುತ್ತೇನೆ ಎಂದು ಮನೆಗೆ ಹೋದೆ. ಊಟದ ಮೇಜಿನಲ್ಲಿ ಅವಳು ಕೂರುತ್ತಿದ್ದ ಕುರ್ಚಿಯ ಎದುರು ಕೂತೆ. ಕಿಟಕಿಯ ಕಡೆಯ ಕೆನ್ನೆಯೋ, ಗೋಡೆಯ ಕಡೆಯದೋ? ಎದ್ದು ಕನ್ನಡಿಯ ಮುಂದೆ ನಿಂತು ನನ್ನ ಕೆನ್ನೆಯ ಮೇಲೇ ಬೆರಳಿಟ್ಟು ನೋಡಿದೆ. ಇದನ್ನು ಈ ವೇದಿಕೆಯಲ್ಲಿ ಹೇಳಬೇಕೆಂದಿರಲಿಲ್ಲ. ನನಗೆ ಖಚಿತವಿಲ್ಲ.

ಸ್ಕ್ಯಾನ್ ಆಯಿತಲ್ಲ, ಸೋಮವಾರ ಆ ಪೆಟ್ಟಿಗೆಯನ್ನು ವಿಲೇವಾರಿ ಮಾಡುತ್ತಾರಂತೆ. ಅಧ್ಯಕ್ಷರೇ, ಬೇಡ. ಅವಳ ಮುಖ ಇನ್ನೂ ಆ ಫಿಲ್ಮಿನಲ್ಲಿದೆ. ನಮಗೆ ನೋಡಲು ಬಂದಿಲ್ಲ, ಅಷ್ಟೇ.

ಕೌಂಟರಿನಲ್ಲಿ ಅವಳ ಎದುರು ನಿಂತವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಯಾರಿಗಾದರೂ ನೆನಪಿದ್ದರೆ, ಎಡ ಅಥವಾ ಬಲ, ಒಂದೇ ಮಾತು ಸಾಕು. ಬಾಗಿಲು ಹಾಕುವವರೆಗೆ ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.

ಇಷ್ಟು ಹೊತ್ತು ಕೇಳಿದಿರಿ, ಉಪಕಾರವಾಯಿತು. ನಮಸ್ಕಾರ.