ಸ್ಟೋರ್ ರೂಮಿನ ಬೀಗ

ಅಲ್ಲಿ ಬ್ಯಾಡ ಆರತಮ್ಮಾ! ಸ್ಟೋರ್ ರೂಮು ಬ್ಯಾಡ. ಮಂಚ ವರಾಂಡದಾಗೆ ಆಕ್ಸಿ, ಊಟದ ಹಾಲ್‌ನಾಗೆ ಆಕ್ಸಿ... ಇನ್ನೂ ನಲವತ್ತು ಜನ ಬತ್ತಾವ್ರೆ, ಗೊತ್ತು. ಬೆಳಿಗ್ಗೆ ಯಾವನೋ ಪಾಪಿ ಬಸ್ ಸ್ಟ್ಯಾಂಡ್‌ನಾಗೆ ವಿಷಗಾಳಿ ಬಿಟ್ಟ, ಇನ್ನೂ ಬತ್ತಾನೇ ಅವ್ರಲ್ಲಾ, ಕಡವುಳೇ, ದ್ಯಾವ್ರೇ! ನಮ್ಮ ನೇಕಾರರ ಮದುವೆ ಮಂಟಪ ಆಸ್ಪತ್ರೆ ಆಗೋಯ್ತು. ನೀವು ನರ್ಸಮ್ಮ, ಪ್ಲಾನು ನಿಮ್ದು, ಸೆರಿ. ಆದ್ರೆ ಆ ರೂಮು ಬ್ಯಾಡ.

ಕೀನಾ? ನನ್ನತ್ರ ಎಲ್ಲೈತೆ? ಮಂಟಪದ ಮ್ಯಾನೇಜರ್ ಕಾರ್ತಿಕೇಯನ್ ತಕ್ಕೊಂಡು ಕಡಯಂಪಟ್ಟಿ ಊರಿಗೆ ಓದ್ರು. ಯಾಕಂಗೆ ನೋಡ್ತೀರಾ? ಈ ನಾರಪ್ಪ ಸುಳ್ಳೇಳ್ತಾನಾ?

ಏನು ಸದ್ದು? ಕೆಮ್ಮಲ್ಲಮ್ಮಾ... ಹಳೇ ಫ್ಯಾನು. ಒಳಗ್ಯಾರೂ ಇಲ್ಲ.

ಬಟ್ಟೇಲಿ ವಿಷ ಕುಂತಿರ್ತೈತೆ ಅಂದ್ರಿ, ನೀವೇಳಿದಂಗೇ ಮಾಡಿದ್ವಿ. ಬಟ್ಟೆ ಕತ್ರಿಲಿ ಸೀಳು, ಚೀಲಕ್ಕಾಕಿ ಬಾಯಿ ಕಟ್ಟಿ ಆಚೆ ಇಡು, ಮೈಗೆ ನೀರು ಉಯ್ಯಿ, ಆಮ್ಯಾಕೆ ಒಳಗ್ಬಿಡು. ಗಂಡಸ್ರಿಗೆ ನಾನು, ಪರದೆ ಇಂದೆ ಎಂಗಸ್ರಿಗೆ ನನ್ನ ಎಂಡ್ತಿ ಮುತ್ಯಾಲಮ್ಮ. ಪೊಲೀಸ್ನೋರ ಪ್ಯಾಂಟೂ ಬಿಡ್ಲಿಲ್ಲ ನಾನು! ನಗಬ್ಯಾಡಿ... ನಗ್ತಿಲ್ವಾ? ಸೆರಿ ಸೆರಿ.

ಚೀಲದಾಗೆ ಒಂದ್ ಸೀರೆ ಕಮ್ಮಿಯಾ? ಯಾರೇಳಿದ್ರು? ಮುತ್ಯಾಲಮ್ಮನಾ?

ಇಪ್ಪತ್ತೆರಡು ದಿನ ಮಗ್ಗದಾಗೆ ಕುಂತು ನೇಯ್ದಿದ್ದೆ ಕಣಮ್ಮಾ, ನನ್ನ ಮಗಳು ಕಲೈವಾಣಿಗೆ ಅಂತ. ಇವತ್ತು ಗೆಳತಿ ಮದುವೇಗೆ ಅದ್ನೇ ಉಟ್ಕೊಂಡು ಬಸ್ಸತ್ತೋಕೋಗಿದ್ಲು. ನೇಕಾರ ತನ್ನ ಸೀರೆಗೆ ಒಂದೇ ಸಲ ಕತ್ರಿ ಆಕೋದು, ಮಗ್ಗದಿಂದ ಇಳಿಸೋವಾಗ. ಇನ್ನೊಂದ್ಸಲ ಎಂಗೆ ಆಕ್ಲಿ? ಮುತ್ಯಾಲಮ್ಮನ ಕೈಯಿಂದ ಕತ್ರಿ ಕಿತ್ಕೊಂಡೆ. ಮಗಳ್ಗೆ ನೀರು ಉಯ್ಸಿದ್ವಿ, ಆಣೆಗೂ! ಸೀರೆ ಮಾತ್ರ ಮಡಿಸಿ ಎತ್ತಿಟ್ಟೆ.

ಎಲ್ಲೈತಾ? ಅಲ್ಲೇ... ಆ ರೂಮ್ನಾಗೇ. ಅವ್ಳೂ ಅಲ್ಲೇ ಅವ್ಳೆ. ಒದ್ದೆ ಮೈ, ನಡುಗ್ತಿದ್ಲು, ಒಳಗೆ ಮಲಗ್ಸಿ ಬೀಗ ಆಕ್ದೆ. ಯಾರಾದ್ರೂ ಬಂದು ಸೀರೆ ಸೀಳ್ತಾರೆ ಅಂತ ಭಯ ಅಮ್ಮಾ! ದಿಂಬಿರ್ಲಿಲ್ಲ... ಆ ಸೀರೇನೇ ಅವ್ಳ ತಲೆ ಅಡಿಗೆ ಇಟ್ಟೆ.

ಬೈರಿ. ಎರಡೇಟು ಹೊಡೀರಿ! ಬಾಗ್ಲಿಗೆ ಕಿವಿ ಯಾಕಿಟ್ರಿ?

ಈಗ್ತಾನೆ ಕೆಮ್ತಾ ಇದ್ಲಲ್ಲಮ್ಮಾ...

ಕೀ ತಗೊಳ್ಳಿ, ನನ್ನ ಸೊಂಟದಾಗೇ ಐತೆ. ನೀವೇ ತೆಗೀರಿ. ಕಲೈವಾಣೀ... ಒಂದ್ಸಲ ಕೆಮ್ಮೇ, ಕೂಸೇ!