ಡ್ರೈಯರ್ ಹೇಳಿದ ಸುಳ್ಳು

"ಹಲೋ?... ಯಾರು ಮಾತಾಡೋದು?... ಅಲ್ಲ, ಫೋನ್ ಮಾಡಿದ್ದು ನಾನೇ, ಅದು ನನಗೂ ಗೊತ್ತು. ಆದ್ರೂ ಮೊದಲು ನೀವು ಯಾರು ಅಂತ ಹೇಳಿ, ಆಮೇಲೆ ನಾನು ಹೇಳ್ತೀನಿ..."

ಲಾಂಡ್ರಿ ಅಂಗಡಿಯ ದೊಡ್ಡ ಸೊಸೆ ಡ್ರೈಯರನ್ನು ಗೋಡೆಯಿಂದ ಈಚೆಗೆಳೆದು, ಅದರ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಯಂತ್ರ ಮಾರಿದ ಅಂಗಡಿಯ ನಂಬರು ಅದರ ಬೆನ್ನಿಗೆ ಅಂಟಿಸಿದ ಒಂದು ಮಾಸಿದ ಚೀಟಿಯಲ್ಲಿತ್ತು. ಆ ನಂಬರಿಗೆ ಇದುವರೆಗೆ ಯಾರೂ ಫೋನ್ ಮಾಡಿದವರಿಲ್ಲ. ಮೆಕ್ಯಾನಿಕ್ ನೆಂಟನೇ ಇರುವಾಗ ಹೊರಗಿನವರನ್ನು ಯಾರು ಕರೆಯುತ್ತಾರೆ?

"... ಹಾಂ, ಅಂಗಡಿ ಯಜಮಾನ್ರೇ ಮಾತಾಡ್ತಿರೋದಾ? ಸರಿ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗುಂಗುರು ಕೂದಲಿನ ಮೆಕ್ಯಾನಿಕ್ ಒಬ್ಬ ಇದಾನಲ್ಲ, ಕೆಂಪು ಬೈಕಲ್ಲಿ ಓಡಾಡ್ತಾನೆ. ಅವನು ನಿಮಗೆ ನೆಂಟನಾ?... ಅಲ್ಲ ತಾನೇ?... ದೂರದ ನೆಂಟನೂ ಅಲ್ವಾ?... ಸರಿ ಹಾಗಾದ್ರೆ. ಬೇಗ ಬೇಗ ಹೇಳಿ, ಈ ಫೋನಲ್ಲಿ ಚಾರ್ಜ್ ಇಲ್ಲ..."

ಗುಂಗುರು ಕೂದಲಿನವನು ಚಿಕ್ಕ ಸೊಸೆಯ ಅಣ್ಣ. ಆ ಚಿಕ್ಕ ಸೊಸೆಯನ್ನು ಮನೆಯವರೆಲ್ಲ ಗುಬ್ಬಿ ಎನ್ನುತ್ತಿದ್ದರು. ಕೆಲವು ದಿನಗಳಿಂದ ಡ್ರೈಯರಿನಲ್ಲಿ ಬಟ್ಟೆ ಸೀಯುತ್ತಿತ್ತು, ಸೀದಾಗಲೆಲ್ಲ ಗುಬ್ಬಿಯ ಸರದಿಯೇ. ದೊಡ್ಡ ಸೊಸೆ ಒಣಗಿಸಿದ ಒಂದು ಬಟ್ಟೆಗೂ ಏನೂ ಆಗಿರಲಿಲ್ಲ. ಹೋದ ವಾರ ಗಿರಾಕಿ ನರ್ಸಮ್ಮನ ಬಿಳಿ ಕೋಟು ಹಳದಿಯಾಗಿ ಹೊರಬಂದಾಗ ದೊಡ್ಡ ಸೊಸೆಯ ತಾಳ್ಮೆ ತಪ್ಪಿತು. ನರ್ಸಮ್ಮನ ಎದುರಿಗೇ, "ನೀನು ಈ ಅಂಗಡಿಗೆ ಬೆಂಕಿ ಇಡೋಕೇ ಬಂದವಳು" ಎಂದು ಕೂಗಿಬಿಟ್ಟಳು. ಗುಬ್ಬಿಯ ಅಣ್ಣ ಬಂದು ನೋಡಿ, ಶಾಖ ಅಳೆಯುವ ಸೆನ್ಸರ್ ಕೆಟ್ಟಿದೆ ಎಂದು ಹೇಳಿ ಹೊಸದೊಂದನ್ನು ತಂದುಕೊಟ್ಟ. ತಂಗಿಯ ತಪ್ಪನ್ನು ಯಂತ್ರದ ತಲೆಗೆ ಕಟ್ಟಲು ಬಂದಿದ್ದಾನೆಂದು ಈಕೆ ಅದನ್ನು ಮೇಜಿನ ಡ್ರಾಯರಿಗೆ ಎಸೆದಳು. ಅಂದು ಸಂಜೆಯೇ ಗುಬ್ಬಿ ಬ್ಯಾಗು ಹಿಡಿದು ತವರಿಗೆ ಹೋದಳು. ಅವತ್ತಿನಿಂದ ಮೈದುನ ಊಟಕ್ಕೆ ಕೂತರೂ ತಲೆ ಎತ್ತುತ್ತಿಲ್ಲ. ಅತ್ತೆ ಎದ್ದೂ ಕೂತೂ ನಿಟ್ಟುಸಿರು ಬಿಡುತ್ತಾರೆ. ಸಂಬಂಧವಿಲ್ಲದ ಒಬ್ಬನ ಬಾಯಲ್ಲಿ 'ಯಂತ್ರ ಸರಿಯಾಗಿದೆ' ಎಂದು ಬಂದರೆ ಸಾಕು, ಮನೆಯಲ್ಲಿ ಎಲ್ಲರ ಬಾಯಿ ಮುಚ್ಚೀತು ಎಂಬುದು ದೊಡ್ಡ ಸೊಸೆಯ ಲೆಕ್ಕ.

"... ಬಟ್ಟೆ ಸೀಯುತ್ತೆ, ಅದೇ ದೂರು... ಜಾಲರಿನಾ? ಪ್ರತಿ ಸಲ ಒಣಗಿಸಿದ ಮೇಲೂ ನೂಲಿನ ಧೂಳು ತೆಗೀತೀನಿ. ನಮ್ಮ ಮನೆ ಹಾಲು ಸೋಸೋ ಜಾಲರಿ ಕೂಡ ಅಷ್ಟು ಚೊಕ್ಕ ಇರಲ್ಲ... ಗಾಳಿ ಹೋಗೋ ಪೈಪಾ? ಮೊಣಕೈವರೆಗೂ ಕೈ ಹಾಕಿ ನೋಡಿದ್ದೀನಿ, ಖಾಲಿ... ಇಲ್ಲ, ಕೆಂಪು ದೀಪ ಬಂದಿಲ್ಲ. ಹಸಿರೇ ಉರಿಯುತ್ತೆ. ಅದಕ್ಕೇ ಹೇಳ್ತಿರೋದು, ಯಂತ್ರದಲ್ಲಿ ಏನೂ ಇಲ್ಲ, ಅಲ್ವಾ?..."

"... ಏನಂದ್ರಿ? ಸೆನ್ಸರ್ ಇರಬಹುದಾ?... ನೋಡಿ, ನೀವೂ ಅದೇ ರಾಗ ಶುರು ಮಾಡಿದ್ರಿ! ಎಲ್ಲಾ ಮೆಕ್ಯಾನಿಕ್‌ಗಳೂ ಒಂದೇ ಶಾಲೇಲಿ ಓದಿದ್ದಾ?... ಬರೋದು ಬೇಡ. ಯಾರೂ ಬರೋದು ಬೇಡ. ನಾನೇ ನೋಡ್ತೀನಿ, ನೀವು ಹೇಳಿಕೊಡಿ... ಕರೆಂಟ್ ಪರೀಕ್ಷಿಸೋ ಮೀಟರಾ? ಇದೆ. ಆದ್ರೆ ಅದು ಆ ಗುಂಗುರು ಕೂದಲಿನವನು ಬಿಟ್ಟುಹೋಗಿದ್ದು. ಅದು ಅವನ ಪರ ಓಡಿದ್ರೆ?... ನಗಬೇಡಿ!... ಅದರ ಎರಡು ತಂತಿ ತುದಿ ಒಂದಕ್ಕೊಂದು ಮುಟ್ಟಿಸಿದ್ರೆ ಸೊನ್ನೆ ಬರ್ಬೇಕಾ?... ಹಾಂ, ಬಂತು. ಸೊನ್ನೆ. ಇನ್ನೊಂದ್ಸಲ ನೋಡ್ತೀನಿ ಇರಿ... ಹೂಂ, ಸೊನ್ನೆಯೇ..."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಆಕೆ ಮೂರನೇ ಸಲವೂ ಮುಟ್ಟಿಸಿ ನೋಡಿದಳು. ಅಷ್ಟರಲ್ಲಿ ಅಂಗಡಿಯ ಬಾಗಿಲು ಕಿರ್ರೆಂದಿತು.

"... ಒಂದು ನಿಮಿಷ ಯಜಮಾನ್ರೇ. ಬನ್ನಿ ನರ್ಸಮ್ಮಾ, ಬೆಂಚಿನ ಮೇಲೆ ಕೂತ್ಕೊಳ್ಳಿ. ಇನ್ನು ಸ್ವಲ್ಪ ಹೊತ್ತಿಗೆ ಸತ್ಯ ಹೊರಗೆ ಬರುತ್ತೆ, ನೀವೂ ಕೇಳಿಸ್ಕೊಳ್ಳಿ... ಹಾಂ, ಹೇಳಿ. ಪ್ಲಗ್ ಕಿತ್ತಾಯ್ತು. ಹಿಂದಿನ ತಗಡಾ? ಮೇಲಿನ ಎರಡು ಸ್ಕ್ರೂ ಬಂತು. ಬಲಗಡೆ ಕೆಳಗಿಂದೂ ಬಂತು... ಎಡಗಡೇದು ಸ್ಕ್ರೂ ಅಲ್ವಾ, ಹೇರ್‌ಪಿನ್ನಾ? ಹೂಂ, ಇದೆ. ಅದನ್ನ ಮೇಲಕ್ಕೆ ಎಳೆದ್ರೆ..."

ತಗಡು ಕಳಚಿ ಕೈಗೆ ಬಂತು. ಆಕೆ ಹೇರ್‌ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದಳು; ಕಳೆದುಹೋದ ಸ್ಕ್ರೂವಿನ ಬದಲಿಗೆ ಯಾರೋ ಸಿಕ್ಕಿಸಿದ್ದು.

"... ಅಲ್ಲ ರೀ. ಅಲ್ಲಿ ಹೇರ್‌ಪಿನ್ ಇದೆ ಅಂತ ಈಗ ಹೇಳಿದ್ದು ನೀವಾ, ನಾನಾ?... ನೀವೇ ತಾನೇ? ನಿಮಗೆ ಹೇಗೆ ಗೊತ್ತು?... ಹಳೇ ಮಷಿನ್‌ಗೆಲ್ಲಾ ಹೇರ್‌ಪಿನ್ ಇರುತ್ತಾ? ಇದೊಳ್ಳೆ ಕತೆ!... ನಿಮ್ಮ ಪಕ್ಕದಲ್ಲಿ ಯಾರಿದಾರೆ?... ಗಿರಾಕಿನಾ? ಗಿರಾಕಿ ಪಿಸುಗುಟ್ಟುತ್ತಾ?... ಆಗ್ಲಿ, ಆಗ್ಲಿ. ಮುಂದೆ ಹೇಳಿ. ನನಗೂ ಕಿವಿ ಇದೆ..."

ಗಾಳಿ ಊದುವ ಫ್ಯಾನಿನ ಬಾಯಿಯ ಹತ್ತಿರ ಎರಡು ತಂತಿಗಳ ತುದಿಯಲ್ಲಿ ಸೆನ್ಸರ್ ಕೂತಿತ್ತು, ಕಡಲೆಕಾಳಿನಷ್ಟು ದೊಡ್ಡದು. ಇಷ್ಟು ಸಣ್ಣದೊಂದು ವಸ್ತು ಮನೆ ಮುರಿಯಬಲ್ಲದೇ ಎಂದು ಆಕೆಗೆ ಅನುಮಾನ. ಮನೆಯನ್ನು ಮುರಿದದ್ದು ತನ್ನ ನಾಲಿಗೆ, ಅದೂ ಅಂಥ ದೊಡ್ಡದೇನಲ್ಲ, ಎಂಬುದು ಆಗ ಹೊಳೆಯಲಿಲ್ಲ.

"... ಬಿಚ್ಚಿದೆ. ಮೀಟರ್ ಮುಟ್ಟಿಸ್ದೆ. ಹತ್ತು ಪಾಯಿಂಟ್ ಎರಡು ತೋರಿಸ್ತಿದೆ... ತಣ್ಣಗಿದ್ದಾಗ ಅಷ್ಟಿದ್ರೆ ಸರಿನಾ? ನಾನು ಹೇಳಿದ್ನಲ್ಲ!... ಏನು, ಇನ್ನೂ ಮುಗಿದಿಲ್ವಾ?... ಮುಷ್ಟಿಯೊಳಗೆ ಹಿಡ್ಕೋಬೇಕಾ? ಕೈ ಬಿಸಿಗೆ ನಂಬರ್ ಇಳೀಬೇಕಾ?... ಸರಿ, ಹಿಡ್ಕೊಂಡೆ..."

"... ಇಲ್ಲ, ಇಳೀತಿಲ್ಲ. ಹತ್ತು ಪಾಯಿಂಟ್ ಎರಡೇ... ಗಟ್ಟಿಯಾಗೇ ಹಿಡಿದಿದ್ದೀನಿ, ಇನ್ನೂ ಹಿಡಿದ್ರೆ ಪುಡಿಯಾಗುತ್ತೆ... ಅಂದ್ರೆ ಬಿಸಿಯಾದ್ರೂ ಇದು ತಣ್ಣಗಿದೆ ಅಂತಾನೇ ಹೇಳುತ್ತಾ? ಮಷಿನ್ ಅದನ್ನ ನಂಬಿ ಇನ್ನೂ ಕಾಯಿಸ್ತಾ ಹೋಗುತ್ತಾ?... ಹಾಗಂತೀರಿ ನೀವು. ನನ್ನ ಕೈಯೇ ತಣ್ಣಗಿರಬಹುದಲ್ಲ? ದಿನವಿಡೀ ನೀರಲ್ಲಿರೋ ಕೈ ರೀ ಇದು. ಈ ಕೈಯಲ್ಲಿ ಬಿಸಿ ಎಲ್ಲಿಂದ ಬರ್ಬೇಕು?..."

"... ಹೊಸದಾ? ಹೊಸ ಸೆನ್ಸರ್ ಇದೆ ಅಂತ ನಿಮಗೆ ಯಾರು... ಇದೆ. ಮೇಜಿನ ಡ್ರಾಯರಲ್ಲಿ ಬಿದ್ದಿದೆ. ಅದನ್ನ ಹಿಡಿದು ನೋಡ್ಬೇಕಾ? ಅದೇ ಕೈಯಲ್ಲಾ?... ಇರಿ..."

ಪೊಟ್ಟಣ ಹರಿದು ಹೊಸ ಸೆನ್ಸರನ್ನು ಮೀಟರಿಗೆ ಸಿಕ್ಕಿಸಿ ಅದೇ ಮುಷ್ಟಿಯಲ್ಲಿ ಹಿಡಿದಳು. ಬೆಂಚಿನ ಮೇಲಿದ್ದ ನರ್ಸಮ್ಮ ಎದ್ದು ಬಂದು, ರೋಗಿಯ ಜ್ವರ ನೋಡುವವರಂತೆ ಮೀಟರಿನ ಮೇಲೆ ಬಗ್ಗಿದರು.

"... ಒಂಬತ್ತು... ಎಂಟೂವರೆ... ಎಂಟು... ಇಳೀತಾ ಇದೆ ಯಜಮಾನ್ರೇ. ಏಳೂವರೆ... ಹೂಂ, ಅದೇ ಕೈ. ಅದೇ ಮೀಟರ್..."

ಆಕೆಯ ದನಿಯೂ ನಂಬರಿನ ಜೊತೆ ಇಳಿಯಿತು. ಆದರೆ ಅನುಮಾನವೆಂಬುದು ಒಂದೇ ಬಾಗಿಲಿನಿಂದ ಹೊರಟುಹೋಗುವ ನೆಂಟನಲ್ಲ.

"... ಸರಿ, ಒಂದು ಕೇಳ್ತೀನಿ. ಸೆನ್ಸರೇ ಕೆಟ್ಟಿದ್ರೆ ನಾನು ಒಣಗಿಸಿದ್ದು ಯಾಕೆ ಸೀಯಲಿಲ್ಲ? ಅವಳ ಕೈಯಲ್ಲಿ ಮಾತ್ರ ಯಾಕೆ? ಹೇಳಿ ನೋಡೋಣ, ಈಗ ಹೇಳಿ!... ನಾನು ಏನು ಹಾಕ್ತೀನಾ? ದಪ್ಪ ಟವೆಲ್ಲು, ಹಾಸಿಗೆ ಹೊದಿಕೆ, ಕಂಬಳಿ... ಅವಳಾ? ಅವಳು ತೆಳು ಶರ್ಟು, ಕೋಟು, ಮಕ್ಕಳ ಫ್ರಾಕು, ನಾಜೂಕಿನ ಬಟ್ಟೆ ಎಲ್ಲಾ... ಓ. ದಪ್ಪ ಬಟ್ಟೆ ಎಷ್ಟು ಶಾಖ ಆದ್ರೂ ಕುಡಿಯುತ್ತೆ. ಅದು ಒಣಗೋ ಹೊತ್ತಿಗೆ ಟೈಮರ್ ನಿಲ್ಲುತ್ತೆ... ತೆಳು ಬಟ್ಟೆ ಬೇಗ ಒಣಗಿ, ಆಮೇಲೂ ಬೇಯ್ತಾ ಇರುತ್ತೆ... ಬಿಸಿ ಹೆಚ್ಚಾದ್ರೆ ನಿಲ್ಲಿಸೋಕೆ ಇನ್ನೊಂದು ಸ್ವಿಚ್ ಇಲ್ವಾ?... ಅದು ಬೆಂಕಿ ಹತ್ತೋ ಹಾಗಿದ್ರೆ ಮಾತ್ರ ಏಳುತ್ತಾ. ಕುಂಭಕರ್ಣ..."

"... ಏನು ಕೇಳಿದ್ರಿ? ನಾಜೂಕಿನದನ್ನೆಲ್ಲಾ ಅವಳಿಗೇ ಯಾಕೆ ಕೊಡ್ತಿದ್ರಿ ಅಂತಾನಾ?..."

ಆಕೆ ತನ್ನ ಮುಷ್ಟಿಯನ್ನೇ ನೋಡಿಕೊಂಡಳು.

"... ಅವಳ ಕೈ ಮೃದು ಅಂತ. ನನ್ನದು ಒರಟು ಕೈ, ಗುಂಡಿ ಕಿತ್ತು ಬರುತ್ತೆ. ಮೊದಲ ದಿನಾನೇ ನಾನೇ ಹೇಳಿದ್ದು, 'ಗುಬ್ಬೀ, ಒಳ್ಳೇ ಬಟ್ಟೆ ಎಲ್ಲಾ ನಿನ್ನ ಪಾಲಿಗೆ, ನಿನ್ನನ್ನ ಬಿಟ್ರೆ ಬೇರೆ ಯಾರನ್ನೂ ನಂಬಲ್ಲ' ಅಂತ... ಅಯ್ಯೋ ದೇವರೇ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ ರೀ..."

ಆಗ ಫೋನಿನ ಆ ಕಡೆ ಯಾರೋ ಸೀನಿದರು. ಬಾಯಿಗೆ ಸೆರಗು ಒತ್ತಿಕೊಂಡು, ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಸೀನುವ ಸೀನು. ಡ್ರೈಯರಿನ ಧೂಳು ಎದ್ದಾಗಲೆಲ್ಲ ಈ ಕೋಣೆಯಲ್ಲಿ ಕೇಳಿಸುತ್ತಿದ್ದ ಸೀನು ಅದು.

"... ಯಜಮಾನ್ರೇ, ಯಾರದು ಸೀನಿದ್ದು?... ಸುಳ್ಳು ಹೇಳಬೇಡಿ, ಹೇರ್‌ಪಿನ್ ಅವಳದ್ದೇ, ಸೀನೂ ಅವಳದ್ದೇ!... ಹಾಂ? ಹೋದ ವಾರದಿಂದ ನಿಮ್ಮ ಅಂಗಡೀಲೇ ಕೆಲಸಕ್ಕೆ ಬರ್ತಿದಾಳಾ? ಆ ಅಣ್ಣನೂ ನಿಮ್ಮಲ್ಲೇ ಕೆಲಸಕ್ಕಿದಾನಾ?... ನೆಂಟ ಅಲ್ಲ ಅಂದ್ರಲ್ಲ ರೀ ನೀವು!... ಹೌದು, ನಾನು ಕೇಳಿದ್ದು ನೆಂಟನಾ ಅಂತ ಮಾತ್ರ. ಒಳ್ಳೇ ಜನ. ಎಲ್ಲಾ ಸೇರಿ ನನಗೆ..."

ಮಾತು ಅಲ್ಲಿಗೇ ನಿಂತಿತು. ಎಲ್ಲ ಸೇರಿ ಏನು ಮಾಡಿದರು? ಬಿಚ್ಚಿದವಳು ತಾನು, ಹಿಡಿದವಳು ತಾನು, ಓದಿದವಳೂ ತಾನು. ಮೀಟರಿಗೆ ಅಣ್ಣನೂ ಇಲ್ಲ, ತಂಗಿಯೂ ಇಲ್ಲ. ಹೊಸ ಸೆನ್ಸರ್ ಇನ್ನೂ ಆಕೆಯ ಮುಷ್ಟಿಯಲ್ಲೇ ಬೆಚ್ಚಗಿತ್ತು. ಆಕೆಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು.

"... ಫೋನ್ ಅವಳ ಕೈಗೆ ಕೊಡಿ... ಗುಬ್ಬೀ?... ಮಾತಾಡೇ... ಉಸಿರು ಕೇಳಿಸ್ತಿದೆ, ನೀನು ಅಲ್ಲೇ ಇದೀಯ... ನೋಡು, ಮಷಿನ್ ಕೆಟ್ಟಿತ್ತು. ಸೆನ್ಸರ್ ಹೋಗಿತ್ತು, ಆಯ್ತಾ? ಮನೆಗೆ ಬಾ... ಹಾಂ? ಮಷಿನ್ ಕೆಟ್ಟಿದ್ದು ನಿನಗೆ ಮೊದಲೇ ಗೊತ್ತಿತ್ತಾ. ಮತ್ತೆ ಇನ್ನೇನು ಬೇಕು ನಿನಗೆ?..."

"... ಅವತ್ತು ಯಾರೆದುರಿಗೆ ಅಂದೆನಾ?... ನರ್ಸಮ್ಮನ ಎದುರಿಗೆ... ಹೌದು, ಕೂಗಿಯೇ ಅಂದೆ. ಬೀದಿಯವರೂ ಇಣುಕಿ ನೋಡಿದ್ರು, ಗೊತ್ತು... ಈಗ ಫೋನಲ್ಲಿ ಗುಟ್ಟಾಗಿ ಕರೆದ್ರೆ ಬರಲ್ವಾ?... ಬರಲ್ಲ ಅಂತೀಯ. ಅಳಬೇಡ್ವೇ, ಅಳಬೇಡ. ನನಗೂ ಅಳು ಬರುತ್ತೆ..."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಕೆಗೆ ಇದುವರೆಗೆ ಬಂದಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಅಂಗಡಿಯಲ್ಲಿ ಆಕೆಯದೇ ಕೊನೆಯ ಮಾತು. ಸ್ಟೂಲಿನಿಂದ ಎದ್ದು, ಗಲ್ಲಾಪೆಟ್ಟಿಗೆಯ ಬಳಿಗೆ ನಡೆದು, ಅವತ್ತು ನಿಂತಿದ್ದ ಜಾಗದಲ್ಲೇ ನಿಂತಳು. ಇಸ್ತ್ರಿ ಬಟ್ಟೆಗೆ ಬಂದಿದ್ದ ಬಸ್ ಡ್ರೈವರ್ ಬಾಗಿಲಲ್ಲಿ ನಿಂತಿದ್ದ.

"... ಸರಿ, ಕೇಳಿಸ್ಕೋ. ಫೋನ್ ಇಡಬೇಡ. ಎತ್ತಿ ಹಿಡೀತೀನಿ."

ಫೋನನ್ನು ತಲೆಯ ಮೇಲಕ್ಕೆತ್ತಿ ಹಿಡಿದು, ಅವತ್ತು ಕೂಗಿದಷ್ಟೇ ಗಟ್ಟಿಯಾಗಿ ಆಕೆ ಕೂಗಿದಳು.

"ನರ್ಸಮ್ಮಾ! ಡ್ರೈವರಣ್ಣಾ, ನೀವೂ ಕೇಳಿ! ನಿಮ್ಮ ಬಟ್ಟೆ ಸೀದಿದ್ದು ನಮ್ಮ ಗುಬ್ಬಿಯಿಂದ ಅಲ್ಲ. ಮಷಿನ್ ಕೆಟ್ಟಿತ್ತು. ಅವಳ ಅಣ್ಣ ಹೇಳಿದ್ದ, ನಾನು ನಂಬಲಿಲ್ಲ. ಬೆಂಕಿ ಇಡೋಕೆ ಬಂದವಳು ಅಂದೆ. ಅನ್ನಬಾರದಿತ್ತು. ಈ ಅಂಗಡೀಲಿ ಬೆಂಕಿ ಇಟ್ಟಿದ್ದು ನನ್ನ ಬಾಯಿ. ತಪ್ಪು ನಂದು, ಪೂರ್ತಿ ನಂದೇ!"

ರಸ್ತೆಯಾಚೆಯ ಚಪ್ಪಲಿ ಅಂಗಡಿಯವನೂ ಹೊರಗೆ ಬಂದು ನೋಡಿದ. ಆಕೆ ಏದುಸಿರು ಬಿಡುತ್ತಾ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಕೇಳಿಸ್ತಾ?... ಗುಬ್ಬೀ?... ಹಲೋ?... ಎಲ್ಲೀವರೆಗೆ ಕೇಳಿಸ್ತೇ?... ಹಲೋ?"

ಪರದೆ ಕಪ್ಪಾಗಿತ್ತು. ಚಾರ್ಜ್ ಯಾವ ಮಾತಿಗೆ ಮುಗಿಯಿತೋ, ದೇವರಿಗೇ ಗೊತ್ತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ನರ್ಸಮ್ಮನ ಕಡೆ ಕೈ ಚಾಚಿದಳು.

"ನಿಮ್ಮ ಫೋನ್ ಕೊಡ್ತೀರಾ ನರ್ಸಮ್ಮಾ? ನಂಬರ್ ಮಷಿನ್ ಬೆನ್ನ ಮೇಲಿದೆ. ಮೊದಲಿಂದ ಇನ್ನೊಂದ್ಸಲ ಹೇಳ್ತೀನಿ."